ಅರ್ಧ ಮಾತ್ರೆ

ಅಮ್ಮಾ,

ನೀನು ಸೋಂಬೇರಿ ಎಂದು ಕರೆಯುತ್ತಿದ್ದ ನಿನ್ನ ಬೆಕ್ಕು ಇವತ್ತು ತೀರಿಹೋಯಿತು. ನೀನು ತೀರಿಕೊಂಡ ಮೇಲೆ ಅಪ್ಪ ಮನೆಯಲ್ಲಿ ಬಾಯಿಬಿಟ್ಟು ಮಾತಾಡುತ್ತಿದ್ದುದು ಅದರ ಜೊತೆ ಮಾತ್ರ.

ನಿನ್ನೆ ಅದರ ಮೈ ಸುಡುತ್ತಿತ್ತಂತೆ. ನನಗೆ ಹೇಳದೆ ಅಪ್ಪ ತಮ್ಮ ಜ್ವರದ ಮಾತ್ರೆಯಲ್ಲಿ ಅರ್ಧ ಮುರಿದು, ಹಾಲಿನಲ್ಲಿ ಕರಗಿಸಿ ಕುಡಿಸಿದ್ದಾರೆ. ಬೆಳಿಗ್ಗೆ ನೋಡಿದರೆ ಮುಖ ಊದಿತ್ತು, ಒಸಡು ಕಂದು ಬಣ್ಣಕ್ಕೆ ತಿರುಗಿತ್ತು, ಉಸಿರಿಗೆ ಒದ್ದಾಡುತ್ತಿತ್ತು. ಟವೆಲಿನಲ್ಲಿ ಸುತ್ತಿಕೊಂಡು ಪಶುವೈದ್ಯರ ಹತ್ತಿರ ಓಡಿದೆವು. ಒಳಗೆ ಬರಲು ಧೈರ್ಯವಾಗದೆ ಅಪ್ಪ ಹೊರಗಿನ ಬೆಂಚಿನಲ್ಲೇ ಕೂತರು.

ಡಾಕ್ಟರಮ್ಮನ ಕೈಯಲ್ಲೇ ಅದು ಪ್ರಾಣ ಬಿಟ್ಟಿತು.

“ಮನುಷ್ಯರ ಮಾತ್ರೆ ಏನಾದ್ರೂ ಕೊಟ್ರಾ?” ಎಂದು ಕೇಳಿದರು. ಹೇಳಿದೆ.

“ನಮ್ಮ ಲಿವರ್ ಆ ಮದ್ದಿಗೆ ಸಕ್ಕರೆಯಂಥ ಒಂದು ಅಣು ಅಂಟಿಸಿ ಮೂತ್ರದಲ್ಲಿ ಹೊರಗೆ ಕಳಿಸಿಬಿಡುತ್ತೆ. ಗಿಡಗಳೂ ತಮಗೆ ಆಗದ ವಿಷಕ್ಕೆ ಹೀಗೇ ಸಕ್ಕರೆ ಅಂಟಿಸ್ತವೆ. ಬೆಕ್ಕಿಗೆ ಮಾತ್ರ ಆ ಕೆಲಸ ಸರಿಯಾಗಿ ಬರಲ್ಲಮ್ಮ. ಅರ್ಧ ಮಾತ್ರೆನೇ ಅದಕ್ಕೆ ವಿಷ.”

ಹೊರಗೆ ಬಂದಾಗ ಅಪ್ಪ ಕೈಚಾಚಿ ಟವೆಲನ್ನು ಮಡಿಲಿಗೆ ಎಳೆದುಕೊಂಡರು. ಅದು ಉಳಿದಿಲ್ಲ ಎಂದು ಅವರಿಗೆ ನಾನು ಹೇಳಬೇಕಾಗಲಿಲ್ಲ.

“ಅರ್ಧ ಸಾಕಾಗ್ಲಿಲ್ಲ ಕಣೆ,” ಎಂದರು. “ಪೂರ್ತಿ ಕೊಟ್ಟಿದ್ರೆ ಉಳೀತಿತ್ತೇನೋ. ನಿಮ್ಮಮ್ಮಂಗೂ ಹೀಗೇ ಮಾಡ್ದೆ. ಮದ್ದನ್ನ ಅಳೆದೂ ಸುರಿದೂ ಕೊಟ್ಟೆ.”

ಇಲ್ಲ ಅಪ್ಪ ಎನ್ನಲು ಬಾಯಿ ತೆರೆದೆ. ಹಾಗಾದರೆ ಇದು ಯಾಕೆ ಸತ್ತಿತು ಎಂದು ಅವರು ಕೇಳಿಬಿಟ್ಟರೆ?

ತೋಳು ಹಿಡಿದು ಎಬ್ಬಿಸಿದೆ. ಮನೆ ಮುಟ್ಟುವವರೆಗೂ ಅವರು ಆ ಟವೆಲನ್ನು ನನ್ನ ಕೈಗೆ ಕೊಡಲಿಲ್ಲ.