ಮುಂದಿನ ಬಂಕು ನನ್ನದು

ಮಾರ್ಚ್ 4, ಸಂಜೆ
ಇವತ್ತೂ ಹೊಲಿಗೆ. ದೋಣಿಯ ಮುಂದಿನ ಬಂಕಿನ, ಅಂದರೆ ಮಲಗೋ ಕಟ್ಟೆಯ, ಹಾಸಿಗೆಗೆ ಗವಸು. ದೋಣಿಯ ಮೂತಿ ಚೂಪು, ಹಾಗಾಗಿ ಹಾಸಿಗೆಯೂ ತ್ರಿಕೋನ. ಟೈಲರ್ ಆಗಿ ಎಂಥೆಂಥ ಡೊಳ್ಳುಹೊಟ್ಟೆಗಳ ಅಳತೆ ತೆಗೆದವಳು ನಾನು, ಇದೇನು ಮಹಾ. ಕಾಲು ಚಾಚಿದರೆ ಮೂಲೆಗೆ ತಾಗುತ್ತದೆ. ತಾಗಲಿ.

ಸೊಸೆ ಬ್ಯಾಟರಿಯ ವೈರು ಬಿಗಿಯುತ್ತಿದ್ದಳು. "ಅತ್ತೆ, ಅಷ್ಟೊಂದು ಸ್ಟೀಲ್ ಪಾತ್ರೆ ಬೇಡ. ಗಾಳಿ ಎದ್ರೆ ಎಲ್ಲಾ ತಾಳ ಹಾಕ್ತವೆ."

"ನಿನ್ನ ಸ್ಪ್ಯಾನರುಗಳೇನು ಮೌನವ್ರತ ಮಾಡ್ತಾವಾ?"

ನಕ್ಕಳು. ಎಷ್ಟೋ ದಿನದ ಮೇಲೆ.

ಮಾರ್ಚ್ 7
ಮಗನ ಫೋನು. ಸೊಸೆಯನ್ನು ಬಿಟ್ಟು ಬೇರೆ ಸಂಸಾರ ಹೂಡಿದವನು. ಡೈವೋರ್ಸಿನಲ್ಲಿ ಮನೆ ಅವನಿಗೆ, ಹಾಯಿದೋಣಿ ಇವಳಿಗೆ. ಶೋಕಿಗೆ ಕೊಂಡವನು ಅವನು, ಹಾಯಿ ಏರಿಸಲು ಕಲಿತವಳು ಇವಳು. ಅತ್ತೆ ಯಾರ ಪಾಲಿಗೆ ಅಂತ ಯಾರೂ ಕೇಳಲಿಲ್ಲ. ನಾನೇ ಟ್ರಂಕು ಹಿಡಿದು ಇವಳ ಹಿಂದೆ ಬಂದೆ.

"ಅಮ್ಮಾ, ಸ್ವಂತ ಮಗ ಇರುವಾಗ ದೋಣೀಲಿ ಇರ್ತೀಯಾ? ಜನ ಏನಂತಾರೆ?"

"ಇಲ್ಲಿ ಇಬ್ಬರಿಗೇ ಜಾಗ ಕಣೋ. ಜನಾನ ಎಲ್ಲಿ ಕೂರಿಸ್ಲಿ?"

ಹಾರ್ಬರ್ ಆಫೀಸಿಗೆ ದೂರು ಕೊಡ್ತೀನಿ ಅಂದ. ಕೊಡಲಿ... ಫೋನಿಟ್ಟ ಮೇಲೆ ಹೊಲಿದ ಸಾಲನ್ನೇ ಬಿಚ್ಚಿ ಮತ್ತೆ ಹೊಲಿದೆ.

ಮಾರ್ಚ್ 8
ಕೊಟ್ಟೇಬಿಟ್ಟಿದ್ದಾನೆ. ಮಂಡಿನೋವಿನ ಮುದುಕಿ, ಬೆಂಕಿ ಬಿದ್ದರೆ ಹೊರಗೆ ಬರಲಾರಳು — ಇದು ದೂರು. ಆಫೀಸರು ಒಳ್ಳೆಯವರೇ. "ಮುಂದಿನ ವಾರ ಬರ್ತೀನಮ್ಮ. ಗ್ಯಾಸ್ ಬಂದ್ ಮಾಡಿ, ಒಳಗಿನ ಏಣಿ ಹತ್ತಿ, ನೀವೊಬ್ಬರೇ ದಡದ ಜೆಟ್ಟಿ ಕಟ್ಟೆಗೆ ಬಂದು ತೋರಿಸ್ಬೇಕು. ಆಗ್ಲಿಲ್ಲಾಂದ್ರೆ ಇಲ್ಲಿರೋಕೆ ಪರ್ಮಿಷನ್ ಕೊಡಕ್ಕಾಗಲ್ಲ."

ಸೊಸೆಯ ಮುಖ ಬಾಡಿತು. "ನನಗೋಸ್ಕರ ಒದ್ದಾಡ್ಬೇಡಿ ಅತ್ತೆ."

ಅವಳಿಗೋಸ್ಕರ ಅಂತ ಯಾರಂದರು?

ಮಾರ್ಚ್ 11
ಏಣಿಯ ಅರ್ಧದಲ್ಲೇ ಮಂಡಿ ಮುಷ್ಕರ ಹೂಡಿತು. ಬಿದ್ದೆ. ಮೊಣಕೈ ತರಚಿದೆ. ಸೊಸೆಗೆ ಹೇಳಿಲ್ಲ. ಉದ್ದ ತೋಳಿನ ರವಿಕೆ ಹಾಕಿಕೊಂಡೆ.

ಮಾರ್ಚ್ 12
ಕಾಲು ಕೈಕೊಟ್ಟಿದೆ, ಕೈ ಇನ್ನೂ ಕೊಟ್ಟಿಲ್ಲ. ಹಳೆಯ ಹಾಯಿಬಟ್ಟೆ ಸೀಳಿ, ಪದರಪದರವಾಗಿ ಮಡಿಸಿ ಹಿಡಿಪಟ್ಟಿ ಹೊಲಿದೆ. ಬಸ್ಸಿನಲ್ಲಿ ನಿಂತವರು ಜೋತುಬೀಳುತ್ತಾರಲ್ಲ, ಅಂಥದು. ಏಣಿಯ ಪಕ್ಕ, ಬಾಗಿಲ ಅಂಚಿಗೆ, ಜೆಟ್ಟಿಯ ಕಂಬಕ್ಕೆ. ಸೊಸೆ ಬೋಲ್ಟ್ ಹಾಕಿ ಬಿಗಿದು, ತಾನೇ ನೇತಾಡಿ ನೋಡಿದಳು. ಅಷ್ಟರಲ್ಲಿ ತೋಳು ಸರಿದು ನನ್ನ ಮೊಣಕೈ ಅವಳ ಕಣ್ಣಿಗೆ ಬಿತ್ತು. ಮುಲಾಮು ತಂದಳು.

ಮಾರ್ಚ್ 15, ಮಧ್ಯಾಹ್ನ
ಆಫೀಸರು ಬಂದರು. ಹಿಂದೆಯೇ ಮಗ.

ಗ್ಯಾಸ್ ಬಂದ್ ಮಾಡಿದೆ. ಬಾಗಿಲು ದೂಡಿದೆ. ಪಟ್ಟಿ ಹಿಡಿದು ಒಂದೊಂದೇ ಮೆಟ್ಟಿಲು. ದೋಣಿಯಿಂದ ಜೆಟ್ಟಿಗೆ ಕಾಲಿಡುವಾಗ ಅಲೆಗೆ ದೋಣಿ ಓಲಾಡಿತು. ಮಗ ಕೈ ಚಾಚಿದ.

"ಕೈ ತೆಗಿ," ಅಂದೆ.

ಕಂಬದ ಪಟ್ಟಿ ಹಿಡಿದು ಜೆಟ್ಟಿ ಹತ್ತಿದೆ. ನೆಟ್ಟಗೆ ನಿಂತೆ. ಆಫೀಸರು ಪಟ್ಟಿಯನ್ನು ಜಗ್ಗಿ ನೋಡಿದರು. "ಇಲ್ಲೇ ಆರಾಮಾಗಿರಿ ಅಮ್ಮ," ಅಂದು ಹೊರಟರು.

ಮಗ ಹೋಗಲಿಲ್ಲ. "ಗೆದ್ಬಿಟ್ಟೆ ಅಲ್ವಾ?"

"ನಿನ್ನ ಸೋಲ್ಸೋಕಲ್ಲ ಕಣೋ. ನನಗೆ ಬೇಕಾದ ಕಡೆ ಇರೋಕೆ."

ಸಂಜೆ
ಇನ್ನೂ ಜೆಟ್ಟಿಯಲ್ಲೇ ಕುಳಿತಿದ್ದಾನೆ. ಸೊಸೆ ಇಣುಕಿ ನೋಡಿದಳು. "ಕರೀಬೇಕು ಅನ್ಸಿದ್ರೆ ಕರೀರಿ ಅತ್ತೆ. ನಾನು ಹಿಂದೆ ಇಂಜಿನ್ ಕಡೆ ಇರ್ತೀನಿ."

ದೋಣಿ ಅವಳದು. ಮಗ ನನ್ನವನು. ಬಾಗಿಲಿಗೆ ಹೋಗಿ ಹೇಳಿದೆ: "ಟೀ ಕುಡ್ಕೊಂಡು ಹೋಗು. ನನ್ನ ಕರ್ಕೊಂಡು ಹೋಗೋ ಮಾತೆತ್ತಿದ್ರೆ ಲೋಟ ಕಿತ್ಕೋತೀನಿ."

ನೀರು ಕುದಿಯುತ್ತಿದೆ. ಅವನು ಚಪ್ಪಲಿ ಬಿಚ್ಚುತ್ತಿದ್ದಾನೆ. ಇಲ್ಲಿ ಬಾಗಿಲು ತಗ್ಗು, ತಲೆ ಬಗ್ಗಿಸಿಯೇ ಬರಬೇಕು ಅಂತ ಆ ದೊಡ್ಡ ಮನುಷ್ಯನಿಗೆ ಹೇಳ— ಢಬ್! ಹೇಳುವುದು ತಡವಾಯಿತು.