ಐದು ಕೈಗಳ ಒಪ್ಪಿಗೆ

ಹರಿಹರ
ಫೆಬ್ರವರಿ ೩೦, ೨೧೫೨

ಮುತ್ತಜ್ಜಿ ಡಾಕ್ಟರ್ ಮೇದಿನಿಯವರಿಗೆ, ನಿಮ್ಮ ಮರಿಮಗಳು ವೈಜಯಂತಿಯ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ, ಉಳಿದ ಐದನ್ನು ವರ್ಷದ ಕೊನೆಗೆ ತಳ್ಳಿದ್ದಾರೆ. ನನ್ನ ಮಾತಿನಲ್ಲಿ ನಿಮಗೆ ಗೊತ್ತಿಲ್ಲದ ಪದ ಬಂದರೆ ಕ್ಷಮಿಸಿ, ಅರ್ಥ ಹೇಳುತ್ತಾ ಹೋಗುತ್ತೇನೆ. ಕಾಲದಲ್ಲಿ ಹಿಂದಕ್ಕೆ ಹೊರಟ ಈ ಪತ್ರ ಕೈಸೇರುವಾಗ ನಿಮಗೆ ಇಪ್ಪತ್ತೊಂಬತ್ತು, ಬರೆಯುತ್ತಿರುವ ನನಗೆ ಎಪ್ಪತ್ತನಾಲ್ಕು. ಸಂಬಂಧದಲ್ಲಿ ಕಿರಿಯಳಾದರೂ ವಯಸ್ಸಿನಲ್ಲಿ ಹಿರಿಯಳೆಂಬ ಧೈರ್ಯದಿಂದ ನಿಮ್ಮನ್ನು ಬೈಯಲು ಕೂತಿದ್ದೇನೆ.

ನಮ್ಮ ಕಾಲದಲ್ಲಿ ‘ಜರಡಿ’ ಎಂಬ ಕಾಯ್ದೆ ಇದೆ. ಅರವತ್ತು ತುಂಬಿದ ದಿನದಿಂದ ಕಾಯಿಲೆ, ಔಷಧ, ಪಥ್ಯದ ಒಂದಕ್ಷರವೂ ನಮಗೆ ನೇರವಾಗಿ ಬರುವುದಿಲ್ಲ. ಮನೆಯ ಕಿರಿಯರೊಬ್ಬರನ್ನು ಸರ್ಕಾರ ‘ಸೋಸುಗ’ ಎಂದು ನೇಮಿಸುತ್ತದೆ. ಅವರು ಮೊದಲು ನೋಡಿ, ಹೇಳಬೇಕೆನಿಸಿದ್ದನ್ನು ಮಾತ್ರ ಹೇಳುತ್ತಾರೆ. ನನ್ನ ಸೋಸುಗ ನನ್ನ ಮಗನೇ. ಹೋದ ವಾರ ನನ್ನ ರಕ್ತಪರೀಕ್ಷೆಯ ವರದಿ ಅವನಿಗೆ ಬಂತು. ಎಲ್ಲ ಸರಿಯಿದೆ ಅಮ್ಮ ಅಂದ. ಅಂದಿನಿಂದ ಸಾರಿನಲ್ಲಿ ಉಪ್ಪಿಲ್ಲ. ನನ್ನ ಒಡಲಿನ ಸುದ್ದಿಯನ್ನು ನಾನು ಅವನ ಮುಖ ನೋಡಿ ಊಹಿಸಬೇಕು. ಪಕ್ಕದ ಮನೆಯ ತಿಪ್ಪೇಸ್ವಾಮಿಯವರು ಗ್ರಂಥಾಲಯದಲ್ಲಿ ಮೂತ್ರಪಿಂಡದ ಬಗ್ಗೆ ಪುಸ್ತಕ ಕೇಳಿದ್ದಕ್ಕೆ ಅವರ ಸೊಸೆಗೆ ನೋಟಿಸ್ ಬಂತು. ಕಾಯ್ದೆಯ ಮೊದಲ ಸಾಲೇ ಹೇಳುತ್ತದೆ: ಮುದುಕರು ಕಂಡದ್ದನ್ನೆಲ್ಲ ನಂಬುತ್ತಾರೆ.

ಸುಳ್ಳು. ನನ್ನ ತೊಡೆಯ ಮೇಲೆ ನಿಮ್ಮ ಅಜ್ಜಿ ಚಂಪಾವತಿಯವರ ನೋಟ್‌ಬುಕ್ ಇದೆ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಕೂಡಿಸುತ್ತಿದ್ದವರು, ಎರಡೂ ಕಡೆಯ ದನಿ ಕೇಳಿದ ಮೇಲೆಯೇ ಲೈನ್ ಬಿಡುತ್ತಿದ್ದವರು. ಸುಲಭಕ್ಕೆ ನಂಬುವ ಪೈಕಿ ಅಲ್ಲ. ವಾಟ್ಸಾಪಿನಲ್ಲಿ ಬಂದ ಪ್ರತಿ ಮದ್ದನ್ನೂ ಎಡಪುಟದಲ್ಲಿ ಬರೆದುಕೊಂಡು, ಮನೆಯವರ ಗ್ರೂಪಿಗೆ ಹಾಕಿ, ಯಾರ್ಯಾರು ಜೋಡಿಸಿದ ಕೈಗಳ ಚಿತ್ರ ಒತ್ತಿ ಕೈಮುಗಿದರೆಂದು ಬಲಪುಟದಲ್ಲಿ ಗುರುತು ಮಾಡುತ್ತಿದ್ದರು. ಐವರು ಮುಗಿದರೆ ಒಪ್ಪಿಗೆ. ಐವರಲ್ಲಿ ನೀವಿಲ್ಲದಿದ್ದರೆ ಅಡ್ಡಗೀಟು, ಮದ್ದು ಮುಟ್ಟುತ್ತಲೇ ಇರಲಿಲ್ಲ. ಆ ಪುಟ್ಟ ಕೈಗಳೆಂದರೆ ‘ಓದಿದ್ದೇನೆ, ಸರಿಯಿದೆ’ ಎಂದು ಅವರ ತಿಳುವಳಿಕೆ. ನಿಮಗೆಲ್ಲ ಅದು ಅಜ್ಜಿಯ ಬಾಯಿ ಮುಚ್ಚಿಸುವ ಉಪಾಯ.

ಇಪ್ಪತ್ತೊಂದು ದಿನ ನುಗ್ಗೆಸೊಪ್ಪಿನ ಕಷಾಯ ಕುಡಿದರೆ ಬಿಪಿ ಮಾತ್ರೆಯ ಗೊಡವೆಯೇ ಬೇಡ ಎಂಬ ಸಂದೇಶ ಬಂದಾಗ ಅವರು ಮೊದಲು ನಿಮಗೇ ಫೋನ್ ಮಾಡಿದ್ದರು. ಅದೂ ಬರೆದಿದೆ: “ಮೇದಿನಿ ಡ್ಯೂಟೀಲಿದಾಳಂತೆ. ಗ್ರೂಪಿಗೆ ಹಾಕಜ್ಜಿ, ನೋಡ್ತೀನಿ ಅಂದ್ಲು.” ಮೂರು ದಿನದ ಮೇಲೆ: “ಮೇದಿನಿ ಕೈ ಮುಗಿದ್ಲು. ಡಾಕ್ಟ್ರೇ ಒಪ್ಪಿದ ಮೇಲೆ ಇನ್ನೇನು? ನಾಳೆಯಿಂದ ಮಾತ್ರೆ ಬಂದ್.” ಮುಂದೆ ಹದಿನೆಂಟು ದಿನ ಕಷಾಯ ಕುಡಿದ ಗುರುತು. ಹತ್ತೊಂಬತ್ತನೆಯ ದಿನ ಲಕ್ವ ಹೊಡೆದು ಅಡುಗೆಮನೆಯಲ್ಲಿ ಬಿದ್ದವರು ಮತ್ತೆ ಏಳಲಿಲ್ಲ. ಆ ಪುಟದ ಕೆಳಗೆ ನಿಮ್ಮ ಕೈಬರಹವಿದೆ: ಹನ್ನೊಂದು ಮೆಸೇಜಿಗೆ ಒಟ್ಟಿಗೇ ಕೈಮುಗಿದೆ, ಒಂದನ್ನೂ ಓದಿರಲಿಲ್ಲ.

ಅದನ್ನು ನೀವು ನೋಟ್‌ಬುಕ್ಕಿನಾಚೆ ಯಾರಿಗೂ ಹೇಳಲಿಲ್ಲ. ಇಪ್ಪತ್ತು ವರ್ಷದ ಮೇಲೆ ಜರಡಿ ಕಾಯ್ದೆಯ ಸಮಿತಿಯಲ್ಲಿ ಕೂತು, ನಮ್ಮಜ್ಜಿ ಸಿಕ್ಕಿದ್ದನ್ನೆಲ್ಲ ನಂಬಿ ಸತ್ತಳೆಂದು ಸಾಕ್ಷಿ ಹೇಳಿದಿರಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿಮ್ಮ ತಪ್ಪಿಗೆ ಊರಿನ ಮುದುಕರೆಲ್ಲ ದಂಡ ತೆರುತ್ತಿದ್ದೇವೆ. ಇಷ್ಟು ವರ್ಷದ ಮೇಲಾದರೂ ನಿಮ್ಮ ಬಗ್ಗೆ ಕನಿಕರ ಹುಟ್ಟಬೇಕಿತ್ತು. ನನಗೆ ಹುಟ್ಟಿಲ್ಲ.

ಈ ಪತ್ರ ನಾನೆಣಿಸಿದ ದಿನಕ್ಕೇ ತಲುಪಿದ್ದರೆ, ನೀವು ಕೈಮುಗಿದು ಇನ್ನೂ ಒಂದು ಗಂಟೆಯಾಗಿಲ್ಲ. ನಾಳೆ ಬೆಳಿಗ್ಗೆ ಅವರು ಮಾತ್ರೆ ಡಬ್ಬಿಯನ್ನು ಬೀರುವಿನೊಳಗೆ ಇಟ್ಟುಬಿಡುತ್ತಾರೆ. ಈಗಲೇ ಫೋನ್ ಮಾಡಿ. ಓದಿರಲಿಲ್ಲ, ಸುಮ್ಮನೆ ಒತ್ತಿದೆ ಎಂದು ನಿಮ್ಮ ಬಾಯಿಂದಲೇ ಹೇಳಿ. ಅವರಿಗೆ ಅವಮಾನವಾಗುತ್ತದೆ. ಹಳೆಯ ಪುಟಗಳನ್ನೆಲ್ಲ ತಿರುವಿ, ಇನ್ನೆಷ್ಟು ಸಲ ಹೀಗೆ ಮಾಡಿದ್ದೀರೆಂದು ಒಂದೊಂದಾಗಿ ಕೇಳುತ್ತಾರೆ. ತಿಂಗಳುಗಟ್ಟಲೆ ನಿಮ್ಮೊಡನೆ ಮಾತು ಬಿಡುತ್ತಾರೆ. ಬಿಡಲಿ. ಆ ಸಿಟ್ಟಿನಲ್ಲೇ ಮಾತ್ರೆ ನುಂಗಲಿ.

ವೈಜಯಂತಿ