ಹೆಸರು ಗೊತ್ತಿಲ್ಲದ ಹೆಂಗಸು

ಸುಲೇಮಾನಿಯಾ
ಏಪ್ರಿಲ್ ೧೮

ಪ್ರೀತಿಯ ಗೆಲಾವೇಜ್ ಅಕ್ಕನಿಗೆ,

ನಿನ್ನ ಎರಡೂ ಕಣ್ಣಿಗೆ ಮುತ್ತಿಟ್ಟು ಬರೆಯುತ್ತಿದ್ದೇನೆ. ನವ್ರೋಜ್ ಹಬ್ಬಕ್ಕೆ ಬರುತ್ತೇನೆಂದು ಹೇಳಿ ಬರಲಿಲ್ಲ. ದೋಲ್ಮಾ ಮಾಡಿಟ್ಟುಕೊಂಡು ಸಂಜೆಯವರೆಗೂ ಕಾದೆಯಂತೆ. ಫೋನಿನಲ್ಲಿ "ಕೆಲಸ ಇತ್ತು" ಎಂದೆನಲ್ಲ, ಕೆಲಸವೇನೂ ಇರಲಿಲ್ಲ. ನಿನ್ನ ಮುಖ ನೋಡುವ ಧೈರ್ಯ ಇರಲಿಲ್ಲ. ಫೋನಿನಲ್ಲೇ ಹೇಳಿಬಿಡೋಣವೆಂದರೆ ನೀನು "ಊಟ ಆಯ್ತೇನೋ, ಕೆಮ್ಮು ಹೇಗಿದೆಯೋ" ಎಂದು ಶುರು ಮಾಡುತ್ತೀಯ, ನನ್ನ ಬಾಯಿ ಕಟ್ಟಿಹೋಗುತ್ತದೆ. ಐವತ್ತು ದಾಟಿದ ಮೇಲೆ ಹಟ ಹಿಡಿದು ಓದಲು ಕಲಿತವಳು ನೀನು. ಅದಕ್ಕೇ ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ನೀನೊಬ್ಬಳೇ ಓದು.

ಇಲ್ಲಿ ಎಲ್ಲರೂ ಕ್ಷೇಮ. ನನ್ನ ಹೆಂಡತಿ ಶಾದಾನ್‌ಗೆ ಮಂಡಿನೋವು ಇದ್ದೇ ಇದೆ. ನೀನು ಕಳಿಸಿದ ಅಕ್ರೋಟನ್ನು "ಇದು ಮಂಡಿಗೆ ಒಳ್ಳೇದು, ನಿಮಗ್ಯಾಕೆ?" ಎಂದು ನನ್ನ ಕೈಗೆ ಸಿಗದಂತೆ ಇಟ್ಟುಕೊಂಡಿದ್ದಾಳೆ.

ವಿಶ್ವವಿದ್ಯಾಲಯದಲ್ಲಿ ಏನು ಪಾಠ ಮಾಡುತ್ತೀಯೆಂದು ನೀನು ಒಮ್ಮೆ ಕೇಳಿದ್ದೆ. 'ಕುರ್ದಿಷ್ ಸಂಸ್ಕೃತಿ ಮತ್ತು ಸಮಾಜ' ಎಂದಾಗ ನೀನು ಬಿದ್ದು ಬಿದ್ದು ನಕ್ಕೆ. "ಕುರ್ದರ ಮಕ್ಕಳಿಗೆ ಕುರ್ದರ ಬಗ್ಗೆ ಪಾಠವಾ? ಅದಕ್ಕೆ ಸಂಬಳ ಬೇರೆ ಕೊಡ್ತಾರಾ?" ನಾನೂ ನಕ್ಕೆ. ಆ ಪಾಠದ ಆರನೆಯ ವಾರದಲ್ಲಿ ಏನಿದೆಯೆಂದು ಮಾತ್ರ ಹೇಳಲಿಲ್ಲ.

ಆರನೆಯ ವಾರ ಸಾವಿನ ಮನೆಯ ಹಾಡುಗಳು. ಅಕ್ಕಾ, ಅಲ್ಲಿ ನಾನು ಹುಡುಗರಿಗೆ ಕೇಳಿಸುವುದು ನಿನ್ನ ದನಿಯನ್ನು.

ನಮ್ಮ ಹುಡುಗಿ ತಾವ್ಗಾ, ಗುಡ್ಡಕ್ಕೆ ಸೊಪ್ಪು ಕೀಳಲು ಹೋಗಿ, ಯುದ್ಧಕಾಲದ ನೆಲಬಾಂಬಿನ ಮೇಲೆ ಕಾಲಿಟ್ಟು ತೀರಿಹೋದ ಮೂರನೆಯ ದಿನ, ನೀನು ಹೆಂಗಸರ ನಡುವೆ ಕೂತು ಮಗಳನ್ನು ಹಾಡಿ ಹಾಡಿ ಅತ್ತೆ. ನನ್ನ ಕೋಟಿನ ಜೇಬಿನಲ್ಲಿ ರೆಕಾರ್ಡರ್ ಇತ್ತು. ನಿನ್ನನ್ನು ಕೇಳಲಿಲ್ಲ. ಆಮೇಲಾದರೂ ಹೇಳಲಿಲ್ಲ. "ಪೆಂಜ್ವೀನ್ ಕಡೆಯ ಒಬ್ಬ ಹೆಂಗಸು, ಹೆಸರು ಗೊತ್ತಿಲ್ಲ" ಎಂದು ಬರೆದೆ. ಅದರ ಮೇಲೊಂದು ಲೇಖನ ಬರೆದೆ. ಅದಕ್ಕೆ ಬಡ್ತಿ ಸಿಕ್ಕಿತು; ನೀನು ಊರಿಗೆಲ್ಲ ಮಿಠಾಯಿ ಹಂಚಿದೆ.

"ನಿನ್ನ ಚಪ್ಪಲಿ ಬಾಗಿಲಲ್ಲೇ ಇದೆಯಲ್ಲೇ, ಬರಿಗಾಲಲ್ಲಿ ಎಲ್ಲಿಗೆ ಹೋದೆ" ಎಂದು ಹಾಡಿದ್ದೆ ನೀನು. ಪರೀಕ್ಷೆಯಲ್ಲಿ ನಾನು ಪ್ರಶ್ನೆ ಕೇಳುತ್ತಿದ್ದೆ: ಇಲ್ಲಿ ಚಪ್ಪಲಿ ಏನನ್ನು ಸೂಚಿಸುತ್ತದೆ? ಐದು ಅಂಕ. ಅಲೆಮಾರಿ ಬದುಕು ಎಂದು ಬರೆದವರಿದ್ದಾರೆ, ನಾಡಿಲ್ಲದ ಜನ ಎಂದು ಬರೆದವರಿದ್ದಾರೆ. ಅವರಿಗೆ ನಾನು ಪೂರ್ತಿ ಅಂಕ ಕೊಟ್ಟೆ. ಆ ಹಸಿರು ಚಪ್ಪಲಿಯನ್ನು ಅವಳಿಗೆ ತಂದುಕೊಟ್ಟವನು ನಾನೇ.

ಹೀಗೆ ಒಂಬತ್ತು ವರ್ಷ ನಡೆಯಿತು. ಈ ಮಾರ್ಚ್‌ನಲ್ಲಿ ತರಗತಿಯಲ್ಲಿ ಮತ್ತೆ ಆ ಹಾಡನ್ನು ಹಾಕಿದೆ. ಹೇಮನ್ ಎಂಬ ತುಂಟ ಹುಡುಗ ಮೊದಲೇ "ಮಾಮೋಸ್ತಾ, ಅತ್ತೋರಿಗೆ ಹೆಚ್ಚು ಮಾರ್ಕ್ಸಾ?" ಎಂದು ಎಲ್ಲರನ್ನೂ ನಗಿಸಿದ್ದ. ಮಾಮೋಸ್ತಾ ಎಂದರೆ ನಾನೇ, ಅವರ ಮೇಷ್ಟ್ರು. ನಿನ್ನ ದನಿ ಶುರುವಾಗಿ ಸ್ವಲ್ಪ ಹೊತ್ತಿಗೆ ಹಿಂದಿನ ಸಾಲಿನಿಂದ ರೂನಾಕ್ ಎಂಬ ಹುಡುಗಿ ಎದ್ದು ಬಂದಳು. ಯಾವತ್ತೂ ಬಾಯಿ ತೆರೆಯದವಳು. ನೆಟ್ಟಗೆ ಮೇಜಿನ ಹತ್ತಿರ ಬಂದು ಹಾಡನ್ನು ನಿಲ್ಲಿಸಿಬಿಟ್ಟಳು.

"ಇದು ಗೆಲಾವೇಜತ್ತೆ ದನಿ. ಹೆಸರು ಗೊತ್ತಿಲ್ಲ ಅಂದ್ರಲ್ಲ, ನಂಗೊತ್ತು. ತಾವ್ಗಾ ನಂಗೆ ಜಡೆ ಹಾಕ್ತಿದ್ಲು."

ಆಮೇಲೆ ನನ್ನ ಕಡೆ ತಿರುಗಿದಳು.

"ನಿಮಗಿದು ಎಲ್ಲಿ ಸಿಕ್ತು, ಮಾಮೋಸ್ತಾ?"

"ಸ್ನೇಹಿತರೊಬ್ಬರು ಕೊಟ್ಟರು" ಎಂದೆ.

ಅಕ್ಕಾ, ನಿನ್ನ ಒಡಹುಟ್ಟಿದವನು ಮೂವತ್ತು ಮಕ್ಕಳ ಮುಂದೆ ಹಾಗೆಂದ.

ಮುಂದಿನ ವಾರ ಅವಳು ನನ್ನ ಕೋಣೆಗೆ ಬಂದಳು. ಕೂತುಕೋ ಎಂದರೂ ಕೂರಲಿಲ್ಲ. "ಊರಿಗೆ ಹೋಗಿದ್ದೆ. ನೀವು ಅವರ ತಮ್ಮ ಅಂತ ಅಮ್ಮ ಹೇಳಿದ್ರು. ಅಮ್ಮ ನಂಬಲೇ ಇಲ್ಲ, 'ಮಾರೂಫ್ ಅಂಥೋನಲ್ಲ ಕಣೇ, ನೀನು ಸರಿಯಾಗಿ ಕೇಳಿಸ್ಕೊಂಡಿಲ್ಲ' ಅಂತ ನಂಗೇ ಬೈದ್ರು."

ನಾನು ಮೇಜಿನ ಮೇಲಿನ ಕಾಗದ ಜೋಡಿಸುತ್ತಾ ಕೂತೆ.

"ಕ್ಲಾಸಲ್ಲಿ ಯಾರಿಗೂ ಹೇಳಿಲ್ಲ. ಅತ್ತೆಗೆ ಗೊತ್ತಾ?"

"ಇಲ್ಲ."

"ನಾನು ಹೇಳಲ್ಲ. ನೀವೇ ಹೇಳಬೇಕು" ಎಂದು ಹೊರಟುಹೋದಳು. ನನ್ನ ಮಗಳ ವಯಸ್ಸಿನ ಹುಡುಗಿ. ನಾಲ್ಕು ಮಾತು ಬೈದಿದ್ದರೆ ಹಗುರಾಗುತ್ತಿತ್ತು.

ಹಬ್ಬ ಕಳೆದ ಮೇಲೆ ತರಗತಿಯಲ್ಲಿ ಹೇಳಿದೆ. ಆ ಹೆಂಗಸಿಗೆ ಹೆಸರಿದೆ, ಅವಳು ನನ್ನ ಅಕ್ಕ, ನಾನು ಕೇಳದೆ ಕದ್ದೆ, ನಿಮಗೂ ಸುಳ್ಳು ಹೇಳಿದೆ ಎಂದೆ. ಹೇಮನ್ ತಲೆ ತಗ್ಗಿಸಿ "ಹಂಗಾದ್ರೆ ಪರೀಕ್ಷೆಗೆ ಏನು ಓದೋದು, ಮಾಮೋಸ್ತಾ?" ಎಂದ. ಈ ಸಲ ಅದು ತಮಾಷೆಯಾಗಿರಲಿಲ್ಲ.

ಆ ಪಾಠವನ್ನು ತೆಗೆದುಹಾಕಿದ್ದೇನೆ. ಲೇಖನ ಅಚ್ಚಾದ ಪತ್ರಿಕೆಗೂ ಬರೆದು, ಅದನ್ನು ಹಿಂತೆಗೆದುಕೊಳ್ಳಿ ಎಂದಿದ್ದೇನೆ. ಈ ಪತ್ರವನ್ನು ರೂನಾಕ್ ತರುತ್ತಾಳೆ, ರೆಕಾರ್ಡರ್ ಅವಳ ಚೀಲದಲ್ಲಿದೆ. ಇಟ್ಟುಕೊಳ್ಳುವುದೋ ಒಲೆಗೆ ಹಾಕುವುದೋ ನಿನ್ನಿಷ್ಟ. ನನ್ನನ್ನು ಕ್ಷಮಿಸು ಎಂದು ಕೇಳುವ ಯೋಗ್ಯತೆ ನನಗಿಲ್ಲ. ನೀನಾಗಿ ಕರೆಯುವವರೆಗೆ ನಿನ್ನ ಹೊಸಿಲು ತುಳಿಯುವುದಿಲ್ಲ.

ದೇವರು ನಿನ್ನ ನೆರಳನ್ನು ನಮ್ಮ ಮೇಲೆ ಬಹುಕಾಲ ಇಡಲಿ. ನಿನ್ನ ಕೈಗಳಿಗೆ ಮುತ್ತು.

ನಿನ್ನ ತಮ್ಮ,
ಮಾರೂಫ್

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ರೆಕಾರ್ಡರಿನಲ್ಲಿರುವುದು ಹನ್ನೆರಡು ನಿಮಿಷ. ಹುಡುಗರಿಗೆ ಕೇಳಿಸುತ್ತಿದ್ದುದು ಹನ್ನೊಂದೇ. ಕೊನೆಯದನ್ನು ನಾನು ಕತ್ತರಿಸಿದ್ದೆ. ಅದರಲ್ಲಿ ನೀನು ಹಾಡುತ್ತಿಲ್ಲ. "ಮಾರೂಫ್ ಎಲ್ಲಿ? ಮಾರೂಫ್, ಬಾರೋ, ನನ್ನ ಕೈ ಹಿಡ್ಕೊಳೋ" ಎಂದು ಕೂಗುತ್ತಿದ್ದೀಯ. ಎಲ್ಲಿದ್ದೆ ಎಂದು ಆಮೇಲೆ ಕೇಳಿದಾಗ, ಗಂಡಸರ ಜೊತೆ ಮಸೀದಿಯಲ್ಲಿದ್ದೆ ಎಂದೆ. ಇಲ್ಲ ಅಕ್ಕಾ. ಬಾಗಿಲ ಪರದೆಯ ಆಚೆಯೇ ಇದ್ದೆ. ಹೆಜ್ಜೆ ಸಪ್ಪಳ ದಾಖಲಾಗಿ ನಿನ್ನ ದನಿ ಕೆಡುತ್ತದೆಂದು ಅಲುಗಾಡದೆ ನಿಂತಿದ್ದೆ.